ಓದುಗರ ಪ್ರಶ್ನೆ: ಗೂಡಿನ ಎದುರು ಕ್ಯಾಮೆರಾ ಹಿಡಿಯಬಹುದೇ?

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ಈಚೆಗೆ 70–300 ಎಂ.ಎಂ. ಲೆನ್ಸ್ ಕೊಂಡು, ರಜೆಯ ದಿನಗಳಲ್ಲಿ ಹೆಸರಘಟ್ಟದ ಹುಲ್ಲುಗಾವಲಿಗೆ ಹೋಗಿ ಹಕ್ಕಿಗಳ ಚಿತ್ರ ತೆಗೆಯುವುದನ್ನು ಕಲಿಯುತ್ತಿದ್ದೇನೆ. ಜೊತೆಗೆ ಬರುವ ಹಿರಿಯರೊಬ್ಬರು ಟಿಟ್ಟಿಭದ ಗೂಡು ತೋರಿಸಿ, ಅದರ ಎದುರು ಕುಳಿತರೆ ಒಳ್ಳೆಯ ಚಿತ್ರ ಖಂಡಿತ ಎನ್ನುತ್ತಾರೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಸುವುದೂ ಅವರಿಗೆ ವಾಡಿಕೆ. ಹಿಂದಿನ ಹೆಸರಾಂತ ಛಾಯಾಗ್ರಾಹಕರೂ ಗೂಡಿನ ಚಿತ್ರ ತೆಗೆಯುತ್ತಿದ್ದರಲ್ಲ ಎಂಬುದು ಅವರ ವಾದ. ನಾನು ಏನು ಮಾಡಲಿ?
– ಓದುಗರು, ರಾಜಾಜಿನಗರ

ಉತ್ತರ: ಗೂಡಿನ ಎದುರು ಕುಳಿತುಕೊಳ್ಳಬೇಡಿ. ಹಿರಿಯರ ಮಾತು ಮೀರಲು ಸಂಕೋಚವಾಗುವುದಾದರೆ ಕಾನೂನನ್ನು ಮುಂದಿಡಿ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಗೆ ಕೊಡುವ ವಿವರಣೆಯಲ್ಲಿ ಕಾಡುಹಕ್ಕಿಗಳ ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದು ಸೇರಿದೆ. ಆದರೆ ಕಾನೂನಿಗಿಂತ ಆ ಗೂಡಿನಲ್ಲಿ ನಡೆಯುವುದನ್ನು ತಿಳಿದುಕೊಂಡರೆ ನಿಮಗೇ ಅಲ್ಲಿ ಕೂರಲು ಮನಸ್ಸಾಗದು. ಟಿಟ್ಟಿಭವು ಬಯಲಿನ ನೆಲದಲ್ಲೇ ಸಣ್ಣ ತಗ್ಗು ಮಾಡಿ, ಸುತ್ತ ಕಲ್ಲುಚೂರುಗಳನ್ನಿಟ್ಟು, ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆಗಳಿರುವ ಆ ಮೊಟ್ಟೆಗಳು ಒಂದು ಮಾರು ದೂರದಿಂದಲೂ ಕಣ್ಣಿಗೆ ಬೀಳುವುದಿಲ್ಲ. ಬೇಸಿಗೆಯಲ್ಲಿ ತಾಯಿ–ತಂದೆ ಹಕ್ಕಿಗಳು ಸರದಿಯಂತೆ ಮೊಟ್ಟೆಗಳಿಗೆ ನೆರಳಾಗಿ ನಿಲ್ಲುತ್ತವೆ. ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಡುವುದೂ ಉಂಟು. ನೀವು ಹತ್ತಿರ ಹೋದೊಡನೆ ಅವು ಎದ್ದು, ತಲೆಯ ಮೇಲೆ ಸುತ್ತುತ್ತ ಕಿರುಚತೊಡಗುತ್ತವೆ. ಆ ಹೊತ್ತಿನಲ್ಲಿ ಮೊಟ್ಟೆಗಳು ಬಿಸಿಲಿಗೆ ಬಿದ್ದಿರುತ್ತವೆ, ಜೊತೆಗೆ ಗೂಡು ಎಲ್ಲಿದೆ ಎಂಬುದು ಕಾಗೆಗೂ ಮುಂಗುಸಿಗೂ ಗೊತ್ತಾಗುತ್ತದೆ.

ಹಿಂದಿನವರ ವಿಷಯದಲ್ಲಿ ನಿಮ್ಮ ಸ್ನೇಹಿತರು ಹೇಳಿದ್ದು ಸುಳ್ಳಲ್ಲ. ಆಗಿನ ಫಿಲ್ಮು ನಿಧಾನ, ಲೆನ್ಸು ಗಿಡ್ಡ. ಹಕ್ಕಿ ಮತ್ತೆ ಮತ್ತೆ ಬಂದು ಕೂರುವುದು ಖಚಿತವಾಗಿದ್ದ ಸ್ಥಳವೆಂದರೆ ಗೂಡು, ಹಾಗಾಗಿ ಅವರು ಮರೆ ಕಟ್ಟಿಕೊಂಡು ಅಲ್ಲಿ ಕಾಯುತ್ತಿದ್ದರು. ಆ ಕಾರಣಗಳು ಇಂದು ನಿಮಗಿಲ್ಲ. ಅದಕ್ಕಿಂತ ಮುಖ್ಯವಾಗಿ, ಅಂದು ಒಂದು ಗೂಡಿಗೆ ಒಬ್ಬರು ಹೋದರೆ ಇಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಸ್ಥಳದ ಗುರುತು ಹರಿದಾಡಿ ಮರುದಿನ ಬೆಳಿಗ್ಗೆ ಒಂದು ದಂಡೇ ನೆರೆಯುತ್ತದೆ. ಹಾಗಾದರೆ ರಂಗನತಿಟ್ಟಿನಲ್ಲಿ ದೋಣಿಯಿಂದ ಕಾಣುವ ಗೂಡುಗಳ ಚಿತ್ರವೂ ತಪ್ಪೇ ಎಂದು ನೀವು ಕೇಳಬಹುದು. ನನ್ನ ಮಟ್ಟಿಗೆ ಅದು ಬೇರೆ ಮಾತು. 1940ರಿಂದಲೂ ಪಕ್ಷಿಧಾಮವಾಗಿರುವ ಅಲ್ಲಿ ಹಕ್ಕಿಗಳು ದೋಣಿಗೆ ಒಗ್ಗಿಕೊಂಡಿವೆ, ಗೂಡು ಬಿಟ್ಟೇಳುವುದಿಲ್ಲ. ಇನ್ನೂ ಹತ್ತಿರ ಹೋಗುವಂತೆ ಅಂಬಿಗನನ್ನು ಪೀಡಿಸದಿದ್ದರೆ ಸಾಕು.

ಕೂಗು ಹಾಕಿ ಕರೆಸುವುದನ್ನೂ ಬಿಡಿ. ಆ ಧ್ವನಿ ಕೇಳಿದ ಗಂಡುಹಕ್ಕಿಯು ತನ್ನ ನೆಲೆಗೆ ಎದುರಾಳಿ ನುಗ್ಗಿದ್ದಾನೆಂದು ಭಾವಿಸಿ, ಮೇಯುವುದನ್ನೂ ಜೊತೆಗಾತಿಯನ್ನೂ ಬಿಟ್ಟು ಜಗಳಕ್ಕೆ ಬರುತ್ತದೆ. ನಿಮಗೆ ಸಿಗುವುದು ಕೆರಳಿದ ಹಕ್ಕಿಯ ಚಿತ್ರ. ವಲಸೆಯ ಹಾದಿಯಲ್ಲಿ ದಣಿದು ಬೆಂಗಳೂರಿನ ಮನೆಗಳ ಹಿತ್ತಿಲಿಗೂ ಬಂದಿಳಿಯುವ ನವರಂಗ ಹಕ್ಕಿಯನ್ನು (ಇಂಡಿಯನ್ ಪಿಟ್ಟ) ಹೀಗೆ ಎಳೆದಾಡಿಸುವುದು, ಹುಳುಗಳನ್ನು ಚೆಲ್ಲಿ ಅದನ್ನು ಬೇಕಾದಲ್ಲಿಗೆ ಬರಿಸುವುದು ಇನ್ನೂ ಕೆಟ್ಟದ್ದು.

ಕಲಿಯಲು ಹೆಸರಘಟ್ಟಕ್ಕಿಂತ ಲಾಲ್‌ಬಾಗ್, ಹೆಬ್ಬಾಳ ಅಥವಾ ಜಕ್ಕೂರು ಕೆರೆ ಮೇಲು. ವಾಯುವಿಹಾರಿಗಳನ್ನು ದಿನವೂ ನೋಡುವ ಅಲ್ಲಿನ ಕೊಳಬಕ, ಮಿಂಚುಳ್ಳಿಗಳು ನಿಮ್ಮನ್ನು ಹೆಚ್ಚು ಹೊತ್ತು ಸಹಿಸುತ್ತವೆ. ಒಂದೇ ಜಾಗದಲ್ಲಿ, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು, ಹಕ್ಕಿಯ ಕಣ್ಣಿನ ಮಟ್ಟಕ್ಕೆ ತಗ್ಗಿ ಕುಳಿತು, ಮೊದಲು ಕ್ಯಾಮೆರಾ ಎತ್ತದೆ ನೋಡಿ. ಮೇಯುತ್ತಿದ್ದ ಹಕ್ಕಿ ತಟ್ಟನೆ ನಿಂತು ಕತ್ತು ನೀಳ ಮಾಡಿತೆಂದರೆ ನೀವು ಸಾಕಷ್ಟು ಹತ್ತಿರ ಬಂದಿದ್ದೀರಿ. ಮೈ ಬಿಗಿದು ಗರಿಗಳನ್ನು ಅಂಟಿಸಿಕೊಂಡಿತೆಂದರೆ ಹಿಂದೆ ಸರಿಯಬೇಕು. ಹಾರಿತೆಂದರೆ ನೀವು ತಡಮಾಡಿದಿರಿ. ಅದು ಮತ್ತೆ ಮೇಯತೊಡಗಿದಾಗ ಕ್ಯಾಮೆರಾ ಎತ್ತಿ. ಮಿಂಚುಳ್ಳಿ ನೀರಿಗೆ ಧುಮುಕುವ ಮುನ್ನ ತಲೆಯನ್ನು ಮೇಲೆ ಕೆಳಗೆ ಆಡಿಸುವುದನ್ನು ಹೀಗೆ ಕುಳಿತು ಗಮನಿಸಿದವರಿಗೆ ಶಟರ್ ಒತ್ತುವ ಕ್ಷಣ ತಾನಾಗಿ ತಿಳಿಯುತ್ತದೆ. ವೇಗದ ಚಲನೆಗೆ ಶಟರ್ ಸೆಕೆಂಡಿನ ಸಾವಿರದಲ್ಲೊಂದು ಭಾಗ ಅಥವಾ ಅದಕ್ಕೂ ಚುರುಕಾಗಿರಲಿ, ಐ.ಎಸ್.ಒ. (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿದರೆ ಚಿಂತೆ ಬೇಡ. 300 ಎಂ.ಎಂ. ಸಾಲದೆಂದು ಎಲ್ಲರೂ ಹೇಳುತ್ತಾರೆ. ಹಕ್ಕಿಯ ಜೊತೆ ಅದರ ಜೊಂಡು, ನೀರು, ಕೊಂಬೆಗಳೂ ಚಿತ್ರದಲ್ಲಿ ಬರಲಿ ಎನ್ನುವವರಿಗೆ ಧಾರಾಳವಾಗಿ ಸಾಕು.

ಪ್ರಶ್ನೆ: ಬನ್ನೇರುಘಟ್ಟದ ಸಫಾರಿಯಲ್ಲಿ ತೆಗೆದ ಹುಲಿಯ ಚಿತ್ರವನ್ನು ವನ್ಯಜೀವಿ ಸ್ಪರ್ಧೆಗೆ ಕಳುಹಿಸಬಹುದೇ?
– ಓದುಗರು, ಜಯನಗರ

ಉತ್ತರ: ಸ್ಪರ್ಧೆಯ ನಿಯಮ ಒಪ್ಪುವುದಾದರೆ ಕಳುಹಿಸಿ, ಆದರೆ ಅಡಿಬರಹದಲ್ಲಿ ಜೈವಿಕ ಉದ್ಯಾನದ ಬೇಲಿಯೊಳಗಿನ ಹುಲಿ ಎಂದು ಬರೆಯಿರಿ. ಹಾಗೆ ಬರೆದರೆ ಚಿತ್ರದ ಬೆಲೆ ಇಳಿಯುತ್ತದೆಂದು ಅನ್ನಿಸಿದರೆ ಕಳುಹಿಸದಿರುವುದೇ ಸರಿ.

ಪ್ರಶ್ನೆ: ನಮ್ಮ ಕಾಲೇಜಿನ ಆವರಣದ ಮರಗಳಲ್ಲಿ ಕಾಡುಪಾಪ ಇದೆ. ರಾತ್ರಿ ಫ್ಲ್ಯಾಶ್ ಬಳಸಿ ಚಿತ್ರ ತೆಗೆಯಬಹುದೇ?
– ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: (ನೀವು ಬರೆದ ಕಾಲೇಜಿನ ಹೆಸರನ್ನು ಬೇಕೆಂದೇ ಇಲ್ಲಿ ಬಿಟ್ಟಿದ್ದೇವೆ. ಮಾಟ–ಮಂತ್ರದ ಹೆಸರಿನಲ್ಲಿ ಕಾಡುಪಾಪಗಳನ್ನು ಹಿಡಿಯುವವರು ಇನ್ನೂ ಇದ್ದಾರೆ.) ಕತ್ತಲೆಯಲ್ಲಿ ನೋಡಲೆಂದೇ ಇರುವ ಆ ದೊಡ್ಡ ಕಣ್ಣುಗಳಿಗೆ ಫ್ಲ್ಯಾಶ್ ಹೊಡೆಯಬೇಡಿ. ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿ, ಮಂದ ಬೆಳಕಿನಲ್ಲಿ ಸ್ವಲ್ಪ ಹೊತ್ತು ನೋಡಿ, ಚಿತ್ರ ಮಸುಕಾದರೂ ಅಷ್ಟಕ್ಕೇ ತೃಪ್ತಿಪಡಿ. ಹಂಚಿಕೊಳ್ಳುವ ಮುನ್ನ ಮೊಬೈಲಿನ ಚಿತ್ರದಿಂದ ಸ್ಥಳದ ಮಾಹಿತಿಯನ್ನು ಅಳಿಸಿರಿ. ಹಿನ್ನೆಲೆಯಲ್ಲಿ ಕಟ್ಟಡದ ಫಲಕ ಕಾಣುತ್ತಿದ್ದರೆ ಅದನ್ನೂ ಕತ್ತರಿಸಿ ತೆಗೆಯಿರಿ.