ಬೆನ್ನಿನ ಮಾತು ಆಮೇಲೆ, ಮೊದಲು ಮೈಕ್ ಎತ್ತರ ನೋಡಿ

ನಿಮ್ಮ ಪ್ರಶ್ನೆ ಓದಿದೆ. ವಿರಾಜಪೇಟೆ ಹತ್ತಿರ ಸಹಕಾರ ಸಂಘದಲ್ಲಿ ಕೆಲಸ. ನಮ್ಮ ಕೊಡಗಿನ ಕೈಲು ಮುಹೂರ್ತ ಹಬ್ಬ ಕಳೆದ ಮೇಲೆ ಮಹಾಸಭೆ, ಅಲ್ಲಿ ಹತ್ತು ನಿಮಿಷ ವರದಿ ಹೇಳಬೇಕು. ನಿಂತರೆ ಗೂನು ಬೀಳುತ್ತೆ, ಕೈ ಎಲ್ಲಿಡಬೇಕು ತಿಳಿಯಲ್ಲ, 'ಇವನು ಹೆದರಿದ್ದಾನೆ' ಅಂತ ಎಲ್ಲರಿಗೂ ಗೊತ್ತಾಗುತ್ತೆ, ಒಂದು ತಿಂಗಳಲ್ಲಿ ಇದು ಸರಿಹೋಗುತ್ತಾ ಅಂತ ಕೇಳಿದ್ದೀರಿ.

ಬೆನ್ನು ಒಂದು ತಿಂಗಳಲ್ಲಿ ಬದಲಾಗಲ್ಲ. ಆದರೆ ವೇದಿಕೆ ಮೇಲೆ ಬೀಳುವ ಗೂನಿನಲ್ಲಿ ಮುಕ್ಕಾಲು ಪಾಲು ಬೆನ್ನಿನದ್ದಲ್ಲ, ಮೈಕಿನದ್ದು ಮತ್ತು ಕಾಗದದ್ದು. ಅದನ್ನು ಒಂದು ಸಂಜೆಯಲ್ಲಿ ಸರಿ ಮಾಡಬಹುದು.

ನಾನು ಸೋಮವಾರಪೇಟೆ ಕಡೆಯವಳು. ಸ್ವಲ್ಪ ಕಾಫಿ ತೋಟ ಇದೆ. ಐದು ವರ್ಷ ಪಂಚಾಯ್ತಿ ಸದಸ್ಯೆ ಆಗಿದ್ದೆ. ಮೊದಲ ಸಲ ಮಾತಾಡಿದ್ದು ಒಂದು ಶಾಲೆಯಲ್ಲಿ, ಆಗಸ್ಟ್ 15ಕ್ಕೆ. ಹೊರಗೆ ಮಳೆ, ಮೇಲೆ ತಗಡಿನ ಶೀಟು, ಪಕ್ಕದವರ ಮಾತೇ ಕೇಳಿಸುತ್ತಿರಲಿಲ್ಲ. ನನಗಿಂತ ಮುಂಚೆ ಮಾತಾಡಿದ್ದು ಮೂರನೇ ಕ್ಲಾಸಿನ ಹುಡುಗಿ. ಅವಳ ಬಾಯಿಗೆ ಸರಿಯಾಗಿ ಮೈಕ್ ಇಳಿಸಿದ್ದರು. ನಾನು ಐದಡಿ ಏಳಂಗುಲ. ಮೈಕ್ ಎತ್ತಿ ಅಂತ ಕೇಳೋದು ಜಂಬ ಆಗುತ್ತೇನೋ ಅಂದುಕೊಂಡು ನಾನೇ ಬಗ್ಗಿದೆ. ಎಂಟು ನಿಮಿಷ ಬಗ್ಗಿಯೇ ಇದ್ದೆ.

ಸಂಜೆ ಅಣ್ಣನ ಮಗ ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ಥೇಟ್ ಗಿಡದ ಬುಡದಲ್ಲಿ ಉದುರು ಕಾಫಿ ಹೆಕ್ಕುತ್ತಿರುವವಳ ಹಾಗಿದ್ದೆ! ಬಲಗೈ ಸೆರಗು ಎಳೆಯುತ್ತಲೇ ಇತ್ತು. ಅವನು ಕೂತು ಎಣಿಸಿದ, ಇಪ್ಪತ್ತೆರಡು ಸಲ. ಮಾತಾಡುವಾಗ ನನಗೆ ಒಂದು ಸಲವೂ ಗೊತ್ತಾಗಿರಲಿಲ್ಲ. ಅದಕ್ಕೇ ಹೇಳ್ತೀನಿ, ಇವತ್ತೇ ಮನೆಯಲ್ಲಿ ನಿಂತು ಎರಡು ನಿಮಿಷ ಮಾತಾಡಿ, ಯಾರಿಗಾದರೂ ವಿಡಿಯೋ ಮಾಡೋಕೆ ಹೇಳಿ. ಒಂದು ಸಲ ಶಬ್ದ ಬಂದ್ ಮಾಡಿ ನೋಡಿ. ನಾಚಿಕೆ ಆಗುತ್ತೆ, ಆಗಲಿ.

ಈಗ ಮೈಕ್. ಸಭೆಗೆ ಅರ್ಧ ಗಂಟೆ ಮುಂಚೆ ಹೋಗಿ ಮೈಕ್ ಸೆಟ್‌ನವರನ್ನು ಮಾತಾಡಿಸಿ. ಸ್ಟ್ಯಾಂಡಿನ ತಿರುಪು ಯಾವ ಕಡೆ ಸಡಿಲ ಆಗುತ್ತೆ ಅಂತ ಕೈಯಿಟ್ಟು ನೋಡಿಕೊಳ್ಳಿ. ನಿಮ್ಮ ಸರದಿ ಬಂದಾಗ ಮೊದಲು ಸುಮ್ನೆ ನೆಟ್ಟಗೆ ನಿಲ್ಲಿ. ಆಮೇಲೆ ಮೈಕನ್ನು ನಿಮ್ಮ ಹತ್ತಿರ ತನ್ನಿ, ನೀವು ಅದರ ಹತ್ತಿರ ಹೋಗಬೇಡಿ. ಗದ್ದಕ್ಕಿಂತ ಸ್ವಲ್ಪ ಕೆಳಗೆ, ಬಾಯಿಯಿಂದ ನಾಲ್ಕು ಬೆರಳಿಂದ ಒಂದು ಗೇಣು ದೂರ. ಇದಕ್ಕೆ ಹತ್ತು ಸೆಕೆಂಡ್ ಬೇಕು. ಆ ಹತ್ತು ಸೆಕೆಂಡ್ ಜನ ಕಾಯ್ತಾರೆ, ಯಾರೂ ಏನೂ ಅಂದುಕೊಳ್ಳಲ್ಲ. ತಿರುಪು ಸವೆದು ಸ್ಟ್ಯಾಂಡ್ ಕುಸಿಯುತ್ತಿದ್ದರೆ (ಬಾಡಿಗೆ ಸೆಟ್‌ಗಳಲ್ಲಿ ಅರ್ಧಕ್ಕರ್ಧ ಹಾಗೇ) ಮೈಕ್ ಬಿಚ್ಚಿ ಕೈಯಲ್ಲಿ ಹಿಡಿಯಿರಿ. ಒಂದು ಕೈಗೆ ಕೆಲಸ ಸಿಕ್ಕ ಹಾಗೂ ಆಯ್ತು. ಸ್ಪೀಕರ್ ಕಡೆ ಮಾತ್ರ ಮೈಕಿನ ಮುಖ ತಿರುಗಿಸಬೇಡಿ, ಕುಂಯ್ ಅನ್ನುತ್ತೆ.

ಆಮೇಲೆ ಕಾಗದ. ಹೆದರಿದಾಗ ಮೈಯಲ್ಲಿ ಅಡ್ರಿನಾಲಿನ್ ಏರುತ್ತೆ, ಕೈ ನಡುಗುತ್ತೆ. ಅದನ್ನು ನಿಲ್ಲಿಸೋಕೆ ಹೋದರೆ ಜಾಸ್ತಿಯೇ ಆಗುತ್ತೆ. ಆದರೆ ಜನ ನೋಡೋದು ಕೈ ನಡುಕವನ್ನಲ್ಲ, ಕಾಗದದ ಪಟಪಟವನ್ನು. ತೆಳ್ಳಗಿನ ಎ4 ಹಾಳೆ ಬೆರಳಿನ ಸಣ್ಣ ನಡುಕವನ್ನೂ ಎತ್ತಿ ತೋರಿಸುತ್ತೆ. ಮನೆಯಲ್ಲಿ ಹಳೇ ಮದುವೆ ಕಾರ್ಡುಗಳು ಇರ್ತಾವಲ್ವಾ? ದಪ್ಪ ರಟ್ಟಿನದು ಒಂದು ಹುಡುಕಿ, ಹಿಂದಿನ ಖಾಲಿ ಜಾಗದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ. ಪೂರ್ತಿ ವಾಕ್ಯ ಬೇಡ, ವರದಿಯ ಅಂಕಿ ಮತ್ತು ತಲೆಬರಹ ಸಾಕು. ಓದುವಾಗ ಕಾರ್ಡನ್ನು ಎದೆ ಮಟ್ಟಕ್ಕೆ ತನ್ನಿ. ಕಣ್ಣು ಇಳಿಸಿ ಒಂದು ಸಾಲು ನೋಡಿ, ಕಣ್ಣು ಎತ್ತಿ, ಆಮೇಲೆ ಬಾಯಿ ತೆರೆಯಿರಿ. ಕಾಗದಕ್ಕೆ ಮಾತಾಡಿದರೆ ಗದ್ದ ಎದೆಗೆ ಅಂಟುತ್ತೆ, ದನಿ ಅಲ್ಲೇ ಸಾಯುತ್ತೆ. ಬಗ್ಗಿದಾಗ ಹೊಟ್ಟೆ ಅಮುಕಿ ಉಸಿರು ಪೂರ್ತಿ ಒಳಗೆ ಹೋಗಲ್ಲ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಗಾಳಿ ಖಾಲಿ. ಅದನ್ನೇ ಜನ 'ಹೆದರಿದ ದನಿ' ಅನ್ನೋದು.

ಕಾಲಿನ ಪಾಠ ನನಗೆ ಮಾವನವರಿಂದ ಬಂತು. ಮಿಲಿಟರಿಯಿಂದ ನಿವೃತ್ತರಾದವರು. ನಮ್ಮ ಜಿಲ್ಲೆಯಲ್ಲಿ ಯಾವ ಊರಿಗೆ ಹೋದರೂ ಅಂಥವರೊಬ್ಬರು ಸಿಗ್ತಾರೆ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಾಗ ತಾನೆ! ಎರಡನೇ ಭಾಷಣಕ್ಕೆ ನಾನು ಎದೆ ಉಬ್ಬಿಸಿ, ಹಿಮ್ಮಡಿ ಜೋಡಿಸಿ ಅಭ್ಯಾಸ ಮಾಡುತ್ತಿದ್ದೆ. ಅವರು ಜಗಲಿಯಿಂದ ನೋಡಿ ನಕ್ಕರು. "ಅದು ಸಾವಧಾನ್ ಕಣಮ್ಮ. ಸಾವಧಾನದಲ್ಲಿ ನಿಂತವನು ಆರ್ಡರ್ ಕೇಳಬೇಕು, ಮಾತಾಡಬಾರದು. ನೀನು ವಿಶ್ರಾಮ್‌ನಲ್ಲಿ ನಿಲ್ಲು" ಅಂದರು. ವಿಶ್ರಾಮ್ ಅಂದರೆ ಪಾದಗಳ ನಡುವೆ ಒಂದಡಿ ಜಾಗ, ಎರಡೂ ಕಾಲಿನ ಮೇಲೆ ಸಮ ಭಾರ. ಕವಾಯತಿನಲ್ಲಿ ಕೈ ಹಿಂದೆ ಕಟ್ಟಿರ್ತಾರೆ, ಅದು ನಮಗೆ ಬೇಡ. ಮಂಡಿಯನ್ನು ಹಿಂದಕ್ಕೆ ಒತ್ತಿ ಬಿಗಿ ಮಾಡಬೇಡಿ ಅಂತಲೂ ಹೇಳಿದ್ದರು. ಪರೇಡಿನಲ್ಲಿ ಗಟ್ಟಿಮುಟ್ಟು ಹುಡುಗರು ದೊಪ್ಪನೆ ಬೀಳೋದು ಹಾಗೇ. ಅಲುಗಾಡದೆ ಬಿಗಿಯಾಗಿ ನಿಂತರೆ ರಕ್ತ ಕಾಲಲ್ಲೇ ನಿಂತು ತಲೆಗೆ ಕಡಿಮೆ ಆಗುತ್ತೆ. ಮಂಡಿ ಸ್ವಲ್ಪ ಸಡಿಲ ಇರಲಿ, ಹೊರಗಿನವರಿಗೆ ಕಾಣಲ್ಲ. ಕಾಲು ಸರಿಯಾಗಿ ಊರಿದರೆ ಸೊಂಟ, ಹೆಗಲು ತಾವೇ ಅರ್ಧ ಸರಿಹೋಗ್ತಾವೆ.

ತಲೆಗೆ ಒಂದು ಅಭ್ಯಾಸ ಹೇಳ್ತೀನಿ. ನಮ್ಮಜ್ಜಿ ಸೌದೆ ಹೊರೆ ಹೊರುತ್ತಿದ್ದರು. ಹಳೇ ಸೀರೆ ತುಂಡು ಸುತ್ತಿ ಸಿಂಬಿ ಮಾಡಿ, ತಲೆ ಮೇಲಿಟ್ಟು, ಅದರ ಮೇಲೆ ಹೊರೆ. ಎಪ್ಪತ್ತರಲ್ಲೂ ಗೂನು ಇರಲಿಲ್ಲ. ಹೊರೆ ಇದ್ದಾಗ ಕತ್ತು ತಾನೇ ಉದ್ದ ಆಗುತ್ತೆ, ಗದ್ದ ಒಳಕ್ಕೆ ಹೋಗುತ್ತೆ. ಯಾರೂ 'ನೆಟ್ಟಗೆ ನಿಲ್ಲು' ಅನ್ನಬೇಕಿಲ್ಲ. ನೀವು ಒಂದು ಟವೆಲ್ ಸಿಂಬಿ ಸುತ್ತಿ, ಮೇಲೆ ಒಂದು ಕೆಜಿ ಅಕ್ಕಿ ಚೀಲ ಇಟ್ಟು, ಅಡುಗೆಮನೆಯಿಂದ ಅಂಗಳದವರೆಗೆ ದಿನಾ ಐದು ನಿಮಿಷ ನಡೆಯಿರಿ. ತಲೆಯೇ ಹತ್ತಿರ ಹತ್ತಿರ ಐದು ಕೆಜಿ ತೂಗುತ್ತೆ. ಅದು ಮುಂದಕ್ಕೆ ಜೋತಷ್ಟೂ ಕತ್ತಿನ ಹಿಂಭಾಗದ ಸ್ನಾಯುಗಳು ಎಳೆದು ಹಿಡಿಯಬೇಕು, ಮೊಬೈಲ್ ನೋಡುವ ಎಲ್ಲರ ಗೋಳೂ ಇದೇ. ಗೋಡೆಗೆ ಹಿಮ್ಮಡಿ, ಬೆನ್ನು, ತಲೆ ತಾಗಿಸಿ ನಿಲ್ಲೋದೂ ಒಳ್ಳೆಯದೇ, ಬೇಜಾರಷ್ಟೇ. ಕತ್ತು ನೋವಿದ್ದರೆ ಅಥವಾ ಕೈ ಜೋಮು ಹಿಡಿಯುತ್ತಿದ್ದರೆ ತಲೆ ಮೇಲೆ ಏನೂ ಇಡಬೇಡಿ, ಡಾಕ್ಟರಿಗೆ ತೋರಿಸಿ.

ಇನ್ನು ಕೈ. 'ಕೈ ಕಟ್ಟಿದರೆ ಅಹಂಕಾರ' ಅಂತ ಇಂಟರ್ನೆಟ್ಟಿನಲ್ಲಿ ಓದಿರ್ತೀರಿ. ನಮ್ಮಲ್ಲಿ ಮೇಷ್ಟ್ರು ಕಲಿಸಿದ್ದು ಏನು? ಕೈ ಕಟ್ಟಿ, ಬಾಯಿ ಮುಚ್ಚಿ ನಿಲ್ಲು. ನಮಗೆ ಅದು ವಿನಯ. ಹಿರಿಯರ ಮುಂದೆ ಸ್ವಲ್ಪ ಬಗ್ಗೋದು, ಕಣ್ಣಿಗೆ ಕಣ್ಣು ಕೊಡದೆ ಇರೋದು, ಹೆಣ್ಣುಮಕ್ಕಳಿಗಂತೂ ತಲೆ ತಗ್ಗಿಸಿ ನಡಿ ಅನ್ನೋದು, ಎಲ್ಲ ಮರ್ಯಾದೆಯ ಲೆಕ್ಕ. ನಿಮ್ಮ ಗೂನಿನಲ್ಲೂ ಇದರ ಪಾಲು ಇರಬಹುದು. ಮುಂದಿನ ಸಾಲಿನಲ್ಲಿ ಸಂಘದ ಅಧ್ಯಕ್ಷರು, ನಿಮ್ಮ ದೊಡ್ಡಪ್ಪನ ವಯಸ್ಸಿನ ಬೆಳೆಗಾರರು ಕೂತಿರ್ತಾರೆ, ಮೈ ತಾನಾಗಿ ಕುಗ್ಗುತ್ತೆ. ಅದಕ್ಕೆ ನಾನು ಮಾಡೋದು ಇಷ್ಟು. ಶುರುವಿನಲ್ಲೇ ಒಂದು ಸಲ ಚೆನ್ನಾಗಿ ಬಗ್ಗಿ ಕೈ ಮುಗಿಯೋದು. ಮರ್ಯಾದೆಯ ಬಾಕಿ ಅಲ್ಲಿಗೆ ಚುಕ್ತಾ. ಆಮೇಲೆ ನೆಟ್ಟಗೆ. ಹಿರಿಯರ ಕಣ್ಣು ನೋಡೋಕೆ ಮುಜುಗರ ಆದರೆ ಹುಬ್ಬುಗಳ ನಡುವೆ ನೋಡಿ, ಅವರಿಗೆ ವ್ಯತ್ಯಾಸ ಗೊತ್ತಾಗಲ್ಲ. ಎಡಕ್ಕೊಬ್ಬರು, ಬಲಕ್ಕೊಬ್ಬರು, ಹಿಂದಿನ ಸಾಲಿನಲ್ಲೊಬ್ಬರು ಅಂತ ಮೂವರನ್ನು ಹಿಡಿದುಕೊಳ್ಳಿ.

ಕೆಲಸ ಇಲ್ಲದ ಕೈ ಪಕ್ಕಕ್ಕೆ ತೂಗಲಿ. ಬೇರೆಯವರ ಕೈ ತಂದು ತಗುಲಿಸಿದ ಹಾಗೆ ಅನ್ನಿಸುತ್ತೆ, ವಿಡಿಯೋದಲ್ಲಿ ಮಾತ್ರ ಸರಿಯಾಗೇ ಕಾಣುತ್ತೆ. ಜೇಬಿನ ಕೀ ಗೊಂಚಲು, ಚಿಲ್ಲರೆ ಮುಂಚೆಯೇ ಯಾರಿಗಾದರೂ ಕೊಟ್ಟಿರಿ. ನಾನು ಸೆರಗಿಗೆ ಎರಡು ಪಿನ್ ಹಾಕಿದೆ, ಇಪ್ಪತ್ತೆರಡು ಸೊನ್ನೆಗೆ ಬಂತು.

ನಂಬಬೇಡದ್ದು ಎರಡು ಇವೆ. ಒಂದು, 'ಮಾತಿನ ಬೆಲೆ ಶೇ. 7, ಉಳಿದ 93 ದನಿ ಮತ್ತು ಹಾವಭಾವ' ಅನ್ನೋದು. ನಮಗೆ ತರಬೇತಿ ಕೊಟ್ಟವರೂ ಇದನ್ನೇ ಬೋರ್ಡ್ ಮೇಲೆ ಬರೆದಿದ್ದರು. ಇದು ಆಲ್ಬರ್ಟ್ ಮೆಹ್ರಾಬಿಯನ್ ಅನ್ನೋ ಮನಶ್ಶಾಸ್ತ್ರಜ್ಞ 1967ರಲ್ಲಿ ಮಾಡಿದ ಪ್ರಯೋಗಗಳಿಂದ ಬಂದದ್ದು. ಅಲ್ಲಿ ನೋಡಿದ್ದು ಬಿಡಿ ಪದ, ದನಿ, ಮುಖಭಾವ ಬೇರೆ ಬೇರೆ ಹೇಳಿದರೆ ಇಷ್ಟಾನಿಷ್ಟವನ್ನು ಜನ ಯಾವುದರಿಂದ ಅಳೆಯುತ್ತಾರೆ ಅಂತ. ನಿಮ್ಮ ಸಂಘದ ಲಾಭ-ನಷ್ಟದ ವರದಿಗೂ ಅದಕ್ಕೂ ಸಂಬಂಧ ಇಲ್ಲ. ಅಂಕಿ ತಪ್ಪು ಹೇಳಿ ನೋಡಿ, ಆ 93 ನಿಮ್ಮನ್ನು ಉಳಿಸುತ್ತಾ? ಇನ್ನೊಂದು, ಎರಡು ನಿಮಿಷ ಸೊಂಟಕ್ಕೆ ಕೈಯಿಟ್ಟು ನಿಂತರೆ ಹಾರ್ಮೋನು ಬದಲಾಗಿ ಧೈರ್ಯ ಬರುತ್ತೆ ಅನ್ನೋದು. ಇದು ಹಬ್ಬಿದ್ದು 2010ರ ಒಂದು ಅಧ್ಯಯನದಿಂದ, ಅದರಲ್ಲಿ ಇದ್ದವರು 42 ಜನ. 2015ರಲ್ಲಿ 200 ಜನರ ಮೇಲೆ ಮತ್ತೆ ಮಾಡಿದಾಗ ಹಾರ್ಮೋನಿನ ಬದಲಾವಣೆ ಕಾಣಲೇ ಇಲ್ಲ. ಮೊದಲ ಅಧ್ಯಯನ ಬರೆದವರಲ್ಲೇ ಒಬ್ಬರಾದ ಡಾನಾ ಕಾರ್ನಿ 2016ರಲ್ಲಿ ಆ ಪರಿಣಾಮವನ್ನು ನಂಬುವುದಿಲ್ಲ ಅಂತ ಬರೆದರು. ಮನಸ್ಸಿಗೆ ಹಿತ ಅನ್ನಿಸಿದರೆ ನಿಂತುಕೊಳ್ಳಿ, ಬೇಡ ಅನ್ನಲ್ಲ.

ಕೊನೇ ಸಾಲು ಹೇಳಿದ ತಕ್ಷಣ ತಿರುಗಿ ಓಡಬೇಡಿ. ಒಂದು ಉಸಿರು ನಿಲ್ಲಿ, ಕೈ ಮುಗಿಯಿರಿ. ನಿಮ್ಮ ನಂತರ ಮಾತಾಡುವವರು ಗಿಡ್ಡಗಿದ್ದರೆ ಮೈಕ್ ಇಳಿಸಿ, ಎತ್ತರ ಇದ್ದರೆ ಏರಿಸಿ ಬನ್ನಿ. ತಿರುಪು ಯಾವ ಕಡೆ ತಿರುಗುತ್ತೆ ಅಂತ ನಿಮಗೆ ಆಗಲೇ ಗೊತ್ತಿರುತ್ತಲ್ಲ.