ಓದುಗರ ಪ್ರಶ್ನೆ: ಗೀಸರ್ ಕಾಯಿಲ್ ಮೇಲಿನ ಕಲ್ಲು, ಸಪ್ಪೆ ನೀರಿನ ಫ್ಲೋರೈಡ್

ಪ್ರಶ್ನೆ (ಶಹಾಬಾದ್): ನಮ್ಮ ಬೋರ್ ನೀರು ನೋಡಲು ತಿಳಿಯಾಗಿದೆ. ಕಾಯಿಸಿದರೆ ಹಂಡೆಯ ತಳಕ್ಕೆ ಬಿಳಿ ಪದರ ಕೂರುತ್ತದೆ, ಗೀಸರ್ ಕಾಯಿಲ್ ಪದೇ ಪದೇ ಸುಟ್ಟುಹೋಗುತ್ತದೆ. ಲ್ಯಾಬ್ ವರದಿಯಲ್ಲಿ ಲೀಟರಿಗೆ ಗಡಸುತನ 450 ಮಿಲಿಗ್ರಾಂ, ಕ್ಷಾರೀಯತೆ 300 ಎಂದಿದೆ. ಏನು ಮಾಡಬೇಕು?

ಉತ್ತರ: ನಿಮ್ಮ ಊರು ನಿಂತಿರುವುದೇ ಸುಣ್ಣದ ಕಲ್ಲಿನ ಮೇಲೆ. ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಟ್ಟ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ. ಆ ನೀರು ಪರಸಿ ಬಂಡೆಯ ಕ್ಯಾಲ್ಸಿಯಂ ಕಾರ್ಬೊನೇಟನ್ನು ಬೈಕಾರ್ಬೊನೇಟ್ ಮಾಡಿ ಕರಗಿಸಿಕೊಳ್ಳುತ್ತದೆ. ಈ ಕ್ರಿಯೆ ಎರಡೂ ದಿಕ್ಕಿಗೆ ನಡೆಯುವಂಥದ್ದು. ಅನಿಲ ನೀರಿನಲ್ಲಿ ಇರುವ ತನಕ ಕಲ್ಲು ಕರಗಿಯೇ ಇರುತ್ತದೆ. ಕಾಯಿಸಿದಾಗ ಅನಿಲ ಹಾರಿಹೋಗಿ ಸಮತೋಲನ ಹಿಂದಕ್ಕೆ ಸರಿಯುತ್ತದೆ, ಕರಗಿದ್ದು ಮತ್ತೆ ಕಲ್ಲಾಗುತ್ತದೆ. ಸಕ್ಕರೆ, ಉಪ್ಪಿನಂತಲ್ಲದೆ ಈ ಕಾರ್ಬೊನೇಟ್ ಬಿಸಿ ಹೆಚ್ಚಿದಷ್ಟೂ ಕಡಿಮೆ ಕರಗುತ್ತದೆ. ಗೀಸರಿನಲ್ಲಿ ಎಲ್ಲಕ್ಕಿಂತ ಬಿಸಿಯಾದ ಜಾಗ ಕಾಯಿಲ್ ಮೈ, ಆದ್ದರಿಂದ ಮೊದಲ ಪದರ ಅಲ್ಲೇ. ಪದರದ ದೆಸೆಯಿಂದ ಶಾಖ ನೀರಿಗೆ ದಾಟದೆ ಕಾಯಿಲ್ ಒಳಗೊಳಗೇ ಕಾದು ಸುಟ್ಟುಹೋಗುತ್ತದೆ.

ವರದಿಯನ್ನು ಹೀಗೆ ಓದಿ. ಕ್ಷಾರೀಯತೆ, ಅಂದರೆ ಮುಖ್ಯವಾಗಿ ಬೈಕಾರ್ಬೊನೇಟ್, ಗಡಸುತನಕ್ಕಿಂತ ಕಡಿಮೆ ಇದ್ದರೆ, ಕ್ಷಾರೀಯತೆಯಷ್ಟು ಪಾಲು ತಾತ್ಕಾಲಿಕ ಗಡಸುತನ, ಕುದಿಸಿದರೆ ಉದುರುವಂಥದ್ದು. ನಿಮ್ಮಲ್ಲಿ ಅದು 300. ಉಳಿದ 150 ಸಲ್ಫೇಟ್, ಕ್ಲೋರೈಡ್‌ಗಳದ್ದು. ಎಷ್ಟು ಕುದಿಸಿದರೂ ಹೋಗದು. ಆ 300ರಲ್ಲಿ 200 ಉದುರಿದರೂ 100 ಲೀಟರ್ ನೀರಿಗೆ 20 ಗ್ರಾಂ ಕಲ್ಲು!

ಥರ್ಮೋಸ್ಟಾಟನ್ನು 50–55 ಡಿಗ್ರಿಗೆ ಇಳಿಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಕೂತ ಪದರಕ್ಕೆ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ನಿಂಬೆಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಕರಗಿಸಿ. ಕರೆಂಟ್ ತೆಗೆದು, ಬಿಚ್ಚಿದ ಕಾಯಿಲ್‌ನ ಪದರ ಕೂತ ಭಾಗವನ್ನಷ್ಟೇ ಅದರಲ್ಲಿ ಅದ್ದಿಡಿ. ವೈರ್ ಜೋಡಿಸುವ ತುದಿಗೆ ನೀರು ತಾಗಬಾರದು. ಗುಳ್ಳೆ ನಿಂತರೆ ಆಮ್ಲ ತೀರಿತೆಂದೋ ಪದರ ಮುಗಿಯಿತೆಂದೋ ಅರ್ಥ; ಪದರ ಉಳಿದಿದ್ದರೆ ಹೊಸ ದ್ರಾವಣ ಮಾಡಿ. ದ್ರಾವಣವನ್ನು ಕುದಿಸಬೇಡಿ, ಕ್ಯಾಲ್ಸಿಯಂ ಸಿಟ್ರೇಟ್ ಬಿಸಿಯಲ್ಲಿ ಗಟ್ಟಿಯಾಗಿ ಮತ್ತೆ ಅಂಟಿಕೊಳ್ಳುತ್ತದೆ. ಅಲ್ಯೂಮಿನಿಯಂ ಪಾತ್ರೆಗೂ ಇದು ಬೇಡ.

ರೆಸಿನ್ ಸಾಫ್ಟನರ್ ಹಾಕಿಸುವುದಾದರೆ ಸ್ನಾನ, ಬಟ್ಟೆಯ ಲೈನಿಗೆ ಮಾತ್ರ ಸಾಕು. ಅದು ತೆಗೆಯುವ ಪ್ರತಿ 100 ಮಿಲಿಗ್ರಾಂ ಗಡಸುತನಕ್ಕೆ ನೀರಿಗೆ 46 ಮಿಲಿಗ್ರಾಂ ಸೋಡಿಯಂ ಸೇರಿಸುತ್ತದೆ. ನಿಮ್ಮ ನೀರಿಗೆ ಅದು 200 ದಾಟುತ್ತದೆ, ಬಿಪಿ ಇರುವವರು ಕುಡಿಯಬಾರದು.

ಇನ್ನೊಂದು ಮಾತು. ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬ ಅಳತೆಯನ್ನು, ಬೋರ್ ಹತ್ತಿರವೇ ಮಾಡಿಸಿ. ಅರ್ಧ ತುಂಬಿದ ಬಾಟಲಿಯಲ್ಲಿ ಲ್ಯಾಬ್ ಸೇರುವಷ್ಟರಲ್ಲಿ ಅನಿಲ ಹೋಗಿ ಪಿಎಚ್ ಏರಿರುತ್ತದೆ. ಮಾದರಿ ಕಳಿಸಲೇಬೇಕಾದರೆ ಗಾಳಿ ಉಳಿಯದಂತೆ ಬಾಯಿಮಟ್ಟ ತುಂಬಿ, ಬಿಗಿಯಾಗಿ ಮುಚ್ಚಿ, ಅಂದೇ ಮುಟ್ಟಿಸಿ.

ಪ್ರಶ್ನೆ (ಯಾದಗಿರಿ ತಾಲ್ಲೂಕು): ನಮ್ಮ ಬೋರ್ ನೀರು ಸಪ್ಪೆ, ಸಾಬೂನು ಚೆನ್ನಾಗಿ ನೊರೆ ಬರುತ್ತದೆ. ಆದರೂ ಲೀಟರಿಗೆ ಫ್ಲೋರೈಡ್ 2.6 ಮಿಲಿಗ್ರಾಂ ಎಂದಿದ್ದಾರೆ. ಕುದಿಸಿ ಕುಡಿದರೆ ಸಾಲದೇ?

ಉತ್ತರ: ಸಾಲದು, ಕೆಡುಕೇ ಹೆಚ್ಚು. ಆವಿಯಾಗಿ ಹೋಗುವುದು ನೀರು ಮಾತ್ರ. ಫ್ಲೋರೈಡ್ ಉಳಿದು ಇನ್ನಷ್ಟು ಸಾಂದ್ರವಾಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ 1.0, ಬೇರೆ ನೀರೇ ಇಲ್ಲದಾಗ 1.5.

ಸಪ್ಪೆ ನೀರು ಒಳ್ಳೆಯದೆಂಬ ನಂಬಿಕೆ ಇಲ್ಲಿ ಅಪಾಯಕಾರಿ. ಗ್ರಾನೈಟ್ ಬಂಡೆಯ ಫ್ಲೋರೈಡ್ ಖನಿಜ ಎಷ್ಟು ಕರಗಬಹುದೆಂಬುದನ್ನು ಕ್ಯಾಲ್ಸಿಯಂ ತಡೆಹಿಡಿಯುತ್ತದೆ. ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಲೆಕ್ಕದ ಪ್ರಕಾರ ಫ್ಲೋರೈಡ್ ಸುಮಾರು 3.5ಕ್ಕೆ ನಿಲ್ಲುತ್ತದೆ, ಕ್ಯಾಲ್ಸಿಯಂ 8ಕ್ಕೆ ಇಳಿದರೆ 7 ದಾಟಬಹುದು. ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿದ ನೀರಿನಲ್ಲಿ ಕ್ಯಾಲ್ಸಿಯಂ ನೆಲದೊಳಗೇ ಕಲ್ಲಾಗಿ ಕೂತುಬಿಡುವುದರಿಂದ ತಡೆ ಸಡಿಲವಾಗುತ್ತದೆ. ಗಡಸು ನೀರಿನಲ್ಲೂ ಮಿತಿ ಮೀರಿದ ಫ್ಲೋರೈಡ್ ಇರಬಹುದು, ಹಾಗಾಗಿ ಪರೀಕ್ಷೆ ಬಿಟ್ಟರೆ ಬೇರೆ ದಾರಿಯಿಲ್ಲ.

ಕುಡಿಯಲು, ಅಡುಗೆಗೆ ಮಳೆನೀರು ಅಥವಾ ಆರ್‌ಒ ನೀರು ಬಳಸಿ. ಫ್ಲೋರೈಡ್ ತೆಗೆಯುವ ನಲಗೊಂಡ ವಿಧಾನವೂ ಇದೆ: ಮೊದಲು ಸುಣ್ಣ, ಆಮೇಲೆ ಪಟಕ, ಹತ್ತು ನಿಮಿಷ ನಿಧಾನವಾಗಿ ಕಲಕಿ, ಒಂದು ಗಂಟೆ ತಿಳಿಯಾಗಲು ಬಿಟ್ಟು ಮೇಲಿನ ನೀರು ಬಗ್ಗಿಸಿಕೊಳ್ಳುವುದು. ಸುಣ್ಣ ಪಟಕದ ಇಪ್ಪತ್ತರಲ್ಲಿ ಒಂದು ಪಾಲು. ಪಟಕ ಎಷ್ಟೆಂಬುದು ಕ್ಷಾರೀಯತೆ, ಫ್ಲೋರೈಡ್ ಎರಡನ್ನೂ ನೋಡಿ ಲ್ಯಾಬಿನವರೇ ಹೇಳಬೇಕು. ಕಣ್ಣಳತೆಯಲ್ಲಿ ಹೆಚ್ಚು ಸುರಿದರೆ ಪಿಎಚ್ ಕುಸಿದು ಅಲ್ಯೂಮಿನಿಯಂ ನೀರಿನಲ್ಲೇ ಉಳಿಯುತ್ತದೆ.

ಪ್ರಶ್ನೆ (ಕಲಬುರಗಿ): 10,000 ಲೀಟರ್ ಟ್ಯಾಂಕಿಗೆ 25 ಗ್ರಾಂ ಬ್ಲೀಚಿಂಗ್ ಪೌಡರ್ ಹಾಕಿದರೂ ನೀರಿನ ಪರೀಕ್ಷೆಯಲ್ಲಿ ಕ್ರಿಮಿ ಸಿಗುತ್ತಿದೆ. ಪಿಎಚ್ 8.5.

ಉತ್ತರ: ಪ್ರಮಾಣ ಸರಿಯಿದೆ, ಪೌಡರ್ ಹಳತಲ್ಲದಿದ್ದರೆ. ತೊಡಕು ಪಿಎಚ್‌ನದು. ಕ್ರಿಮಿ ಕೊಲ್ಲುವುದು ಮುಖ್ಯವಾಗಿ ಹೈಪೊಕ್ಲೋರಸ್ ಆಮ್ಲ. ಪಿಎಚ್ 7.5ರಲ್ಲಿ ಕ್ಲೋರಿನ್‌ನ ಅರ್ಧ ಭಾಗ ಆ ರೂಪದಲ್ಲಿರುತ್ತದೆ, 8.5ರಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ. ಹಾಗೆಂದು ಬ್ಲೀಚಿಂಗ್ ಜೊತೆ ಆಮ್ಲ ಬೆರೆಸಬೇಡಿ, ಪ್ರಾಣಕ್ಕೇ ಕುತ್ತಾಗುವ ಕ್ಲೋರಿನ್ ಅನಿಲ ಏಳುತ್ತದೆ. ಟ್ಯಾಂಕಿನ ತಳದ ಕೆಸರು ಮೊದಲು ತೆಗೆಸಿ. ಪೌಡರನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿದು, ಅರ್ಧ ಗಂಟೆಯ ಬದಲು ಎರಡು ಗಂಟೆ ಬಿಟ್ಟು ನಲ್ಲಿ ತೆರೆಯಿರಿ. ನೀರಿನಲ್ಲಿ ಉಳಿದ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪಿನಲ್ಲಿ ಕೊನೆಯ ಮನೆಯ ನಲ್ಲಿಯ ನೀರು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ತೋರಿಸಬೇಕು. ಅಷ್ಟು ಬರದಿದ್ದರೆ ಪೌಡರನ್ನು 35–40 ಗ್ರಾಂಗೆ ಏರಿಸಿ ಮತ್ತೆ ಅಳೆಯಿರಿ.