ಕೋವಿಡ್ ಲಾಕ್‌ಡೌನ್‌ನಲ್ಲಿ ಪಶು ಆಸ್ಪತ್ರೆಗಳು ಮುಚ್ಚಿದ್ದಾಗ ಸಾಕುಪ್ರಾಣಿಗೆ ಹುಷಾರು ತಪ್ಪಿದರೆ ಏನು ಮಾಡುತ್ತಿದ್ದಿರಿ? ಮತ್ತೆ ಅಂಥ ಕಾಲ ಬಂದರೆ?

ಮುಚ್ಚಿರಲಿಲ್ಲ. ಸಮಸ್ಯೆಯ ಅರ್ಧಭಾಗ ಇದೇ, ಮುಚ್ಚಿವೆ ಅಂದುಕೊಂಡು ಜನ ಮನೆಯಲ್ಲೇ ಕೂತರು. 2020ರ ಮಾರ್ಚ್ 25ರಿಂದ ಕೆಲವು ದಿನ ಗೊಂದಲ ಇದ್ದದ್ದು ನಿಜ. ಏಪ್ರಿಲ್ 15ರ ಕೇಂದ್ರ ಗೃಹ ಸಚಿವಾಲಯದ ಮಾರ್ಗಸೂಚಿಯಲ್ಲಂತೂ ಪಶು ಆಸ್ಪತ್ರೆ, ಕ್ಲಿನಿಕ್, ಲ್ಯಾಬ್, ಲಸಿಕೆ ಮತ್ತು ಔಷಧಿ ಮಾರಾಟಕ್ಕೆ ಸ್ಪಷ್ಟವಾಗಿ ವಿನಾಯಿತಿ ಇತ್ತು. ಪಶುವೈದ್ಯರ ಹತ್ತಿರ ಹೋಗಲು ಸ್ವಂತ ಗಾಡಿ ತೆಗೆಯಬಹುದಿತ್ತು. ಕಾರಾದರೆ ಓಡಿಸುವವರಲ್ಲದೆ ಹಿಂದಿನ ಸೀಟಿನಲ್ಲಿ ಇನ್ನೊಬ್ಬರು, ದ್ವಿಚಕ್ರವಾದರೆ ಓಡಿಸುವವರು ಮಾತ್ರ. ಈ ಕೊನೆಯ ಸಾಲು ಬರೆದವರ ಮನೆಯಲ್ಲಿ ನಾಯಿ ಇರಲಿಲ್ಲವೇನೋ. 30 ಕೆಜಿ ತೂಗುವ ಲ್ಯಾಬ್ರಡಾರನ್ನು ಸ್ಕೂಟರಿನಲ್ಲಿ ಒಬ್ಬರೇ ಹೇಗೆ ಒಯ್ಯುವುದು?

ನಮ್ಮದು ಬೆಕ್ಕು, ಹಾಗಾಗಿ ಬಚಾವಾದೆವು. 2021ರ ಮೇ, ಬೆಂಗಳೂರಿನಲ್ಲಿ ಎರಡನೇ ಅಲೆ ಜೋರಾಗಿದ್ದ ಹೊತ್ತು. ಬೆಕ್ಕು ಮರಳಿನ ಟ್ರೇಗೆ ಹೋಗುವುದು, ತಿಣುಕುವುದು, ಒಂದು ಹನಿಯೂ ಬರದೆ ಎದ್ದು ಬರುವುದು. ಡಾಕ್ಟರಿಗೆ ವಿಡಿಯೋ ಕಳಿಸಿದೆ. ಅವರು ಕೇಳಿದ್ದು ಎರಡೇ ಮಾತು: "ಗಂಡಾ? ಉಚ್ಚೆ ಹೋಗಿ ಎಷ್ಟು ಹೊತ್ತಾಯ್ತು?" ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು. ಹರಳೋ ಲೋಳೆಯೋ ಸಿಕ್ಕಿಕೊಂಡು ಮೂತ್ರ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದಲ್ಲೇ ಹೃದಯ ನಿಲ್ಲಬಹುದು. "ಇದು ಫೋನಲ್ಲಿ ಆಗೋ ಕೆಲ್ಸ ಅಲ್ಲ ಸಾರ್, ಈಗ್ಲೇ ತನ್ನಿ" ಅಂದರು. ಬುಟ್ಟಿಗೆ ಹಾಕಿ, ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿಟ್ಟುಕೊಂಡು ಹೊರಟೆ. ದಾರಿಯಲ್ಲಿ ಪೊಲೀಸರು ತಡೆದರು. ವೈದ್ಯರ ವಾಟ್ಸಾಪ್ ಸಂದೇಶ ತೋರಿಸುವ ಮೊದಲೇ ಬೆಕ್ಕು ತನ್ನ ಹೇಳಿಕೆ ಕೊಟ್ಟಿತು, ಬಿಟ್ಟರು. ಕ್ಲಿನಿಕ್‌ನವರು ಗೇಟಿನಲ್ಲೇ ಬುಟ್ಟಿ ಇಸಿದುಕೊಂಡರು. ನಾನು ಹೊರಗೆ, ಅವರು ಒಳಗೆ, ಮಾತೆಲ್ಲ ಫೋನಿನಲ್ಲಿ. ಮೂತ್ರ ಹೊರತೆಗೆಯುವ ಸಣ್ಣ ಕೊಳವೆ (ಕ್ಯಾಥೆಟರ್) ಹಾಕಿ, ಡ್ರಿಪ್ ಕೊಟ್ಟು ಉಳಿಸಿಕೊಟ್ಟರು.

ಆದ್ದರಿಂದ ಯಾವುದು ಕಾಯುತ್ತೆ, ಯಾವುದು ಕಾಯಲ್ಲ ಅನ್ನುವುದು ಮೊದಲೇ ಗೊತ್ತಿರಬೇಕು. ಕಿವಿ ಕೆರೆತ, ಉಗುರು ಕತ್ತರಿಸುವುದು, ಹಳೆಯ ಚರ್ಮದ ತೊಂದರೆ ಇವಕ್ಕೆ ಫೋನು ಸಾಕು. ದೊಡ್ಡ ತಳಿಯ ನಾಯಿಗೆ ಹೊಟ್ಟೆ ಉಬ್ಬಿ, ವಾಂತಿ ಬಾರದೆ ಬರೀ ಓಕರಿಕೆಯಾದರೆ ಒಂದು ಗಂಟೆಯೂ ಕಾಯಬಾರದು. ಇಲಿ ಪಾಷಾಣ ತಿಂದಿದ್ದರೆ ಆ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ, ವಿಷದಲ್ಲೂ ಬೇರೆ ಬೇರೆ ಬಗೆ ಇವೆ, ಚಿಕಿತ್ಸೆಯೂ ಬೇರೆ. ನಾಯಿಮರಿಗೆ ವಾಂತಿ, ರಕ್ತಭೇದಿ ಶುರುವಾದರೆ ಪಾರ್ವೊ ಅನ್ನುವ ಮಾರಕ ವೈರಸ್ ರೋಗ ಇರಬಹುದು. ಮರಿಗಳಿಗೆ 6-8 ವಾರಕ್ಕೆ ಮೊದಲ ಲಸಿಕೆ, ಆಮೇಲೆ 16 ವಾರ ತುಂಬುವವರೆಗೆ 3-4 ವಾರಕ್ಕೊಮ್ಮೆ ಕೊಡಿಸಬೇಕು. "ಲಾಕ್‌ಡೌನ್ ಮುಗೀಲಿ, ನೋಡೋಣ" ಅಂತ ಮುಂದೂಡಿದರೆ ಮರಿಗೆ ರಕ್ಷಣೆಯೇ ಇರುವುದಿಲ್ಲ.

ಮನೆಮದ್ದಿನ ಬಗ್ಗೆ ಕಟುವಾಗಿಯೇ ಹೇಳುತ್ತೇನೆ. ಆಗ ಎಲ್ಲರ ಮನೆಯಲ್ಲೂ ಡೋಲೋ 650, ಅಂದರೆ ಜ್ವರದ ಪ್ಯಾರಾಸಿಟಮಾಲ್ ಮಾತ್ರೆ, ಇತ್ತು. ಅದರ ಅರ್ಧ ಮಾತ್ರೆ ಒಂದು ಬೆಕ್ಕನ್ನು ಕೊಲ್ಲಲು ಸಾಕು. ನೋವಿನ ಮಾತ್ರೆ ಐಬುಪ್ರೊಫೆನ್ ನಾಯಿಗೂ ವಿಷ. ಪಾದಕ್ಕೆ ಸ್ಯಾನಿಟೈಸರ್ ಹಚ್ಚಬೇಡಿ, ನೆಕ್ಕುತ್ತವೆ. ಸೋಪು ನೀರು ಸಾಕು.

ಮನೆಯವರಿಗೇ ಪಾಸಿಟಿವ್ ಬಂದರೆ? ಸೋಂಕು ನಮ್ಮಿಂದ ಸಾಕುಪ್ರಾಣಿಗಳಿಗೂ ದಾಟಬಹುದು. 2021ರ ಮೇನಲ್ಲಿ ಹೈದರಾಬಾದ್ ಮೃಗಾಲಯದ 8 ಸಿಂಹಗಳಿಗೆ ಪಾಸಿಟಿವ್ ಬಂದದ್ದು ಪತ್ರಿಕೆಗಳಲ್ಲಿ ಓದಿರುತ್ತೀರಿ. ಹಾಗಾಗಿ ಮುದ್ದಾಟ ಬಿಟ್ಟು, ಮಾಸ್ಕ್ ಹಾಕಿಕೊಂಡೇ ಊಟ ಇಡಿ. ಆಸ್ಪತ್ರೆಗೆ ಬೇರೆಯವರ ಕೈಲಿ ಕಳಿಸಿ, ಮನೆಯಲ್ಲಿ ಸೋಂಕಿದೆ ಅಂತ ಕ್ಲಿನಿಕ್‌ಗೆ ಮುಂಚೆಯೇ ಹೇಳಿ. ನಿಮ್ಮ ಪ್ರಾಣಿ ಹೆದರದೆ ಹೋಗುವಂಥ ನೆರೆಯವರೊಬ್ಬರನ್ನು ಈಗಲೇ ಪರಿಚಯ ಮಾಡಿಸಿಡುವುದು ಒಳ್ಳೆಯದು. ಲಸಿಕೆ ಕಾರ್ಡಿನ ಫೋಟೋ, ಕೊಡುತ್ತಿರುವ ಔಷಧಿಗಳ ಹೆಸರು, ತೂಕ ಇಷ್ಟು ಅವರ ಫೋನಿನಲ್ಲಿರಲಿ.

ಒಂದೇ ಕ್ಲಿನಿಕ್ ನಂಬಿಕೊಂಡಿರಬೇಡಿ, ಅಲ್ಲಿನ ಸಿಬ್ಬಂದಿಗೇ ಜ್ವರ ಬಂದರೆ ಬಾಗಿಲು ಹಾಕಲೇಬೇಕಾಗುತ್ತೆ. ಬೆಂಗಳೂರಾದರೆ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇವೆ. ಊರ ಕಡೆಯವರು ತಾಲ್ಲೂಕಿನ ಪಶು ಆಸ್ಪತ್ರೆಯ ನಂಬರ್ ಇಟ್ಟುಕೊಂಡಿರಿ, ಜೊತೆಗೆ ಪಶು ಚಿಕಿತ್ಸೆಯ 1962 ಸಹಾಯವಾಣಿಯನ್ನೂ ಬರೆದಿಟ್ಟುಕೊಳ್ಳಿ. ರಾತ್ರಿ ಯಾರು ತೆರೆದಿರುತ್ತಾರೆ ಅನ್ನುವುದನ್ನು ಮಾತ್ರ ಹಗಲಲ್ಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.